ಮಸ್ಟಾಂಗ್ ಜಿಟಿ ಆಟೋಮ್ಯಾಟಿಕ್‌ಗೆ ಹೈ ಸ್ಟಾಲ್ ಟಾರ್ಕ್ ಕನ್ವರ್ಟರ್ ಹಾಕುದಾ ಬೇಡ್ವಾ?

ಪೆರ್ಲದ ವಿ8

ಎಲ್ಲರಿಗೂ ನಮಸ್ಕಾರ. ನನ್ನತ್ರ 2017ರ ಮಸ್ಟಾಂಗ್ ಜಿಟಿ ಉಂಟು, ಇಂಡಿಯಾಕ್ಕೆ ಬಂದ ಮಾಡೆಲ್ಲೇ, 5.0 ವಿ8, ಗೇರ್‌ಬಾಕ್ಸ್ ಆರು ಸ್ಪೀಡಿನ ಆಟೋಮ್ಯಾಟಿಕ್ 6ಆರ್80. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಎನ್‌ಒಸಿ ಎಲ್ಲ ಮಾಡಿಸಿ ಈಗ ಕೆಎಲ್ 14 (ಕಾಸರಗೋಡು ರಿಜಿಸ್ಟ್ರೇಶನ್) ಆಗಿದೆ. ಗಾಡಿ ಬಗ್ಗೆ ಯಾವ ಕಂಪ್ಲೇಂಟೂ ಇಲ್ಲ, ಒಂದೇ ವಿಷಯ, ನಿಂತಲ್ಲಿಂದ ಪೆಡಲ್ ಪೂರ್ತಿ ಒತ್ತಿದ್ರೆ ಸುರುವಿಗೆ ಸ್ವಲ್ಪ ಮಂದ ಅನಿಸ್ತದೆ, ಆರ್‌ಪಿಎಂ 3000 ದಾಟಿದ ಮೇಲೆ ಮಾತ್ರ ಎದೆ ಸೀಟಿಗೆ ಒತ್ತುವ ಹಾಗೆ ಎಳೀತದೆ.

ಬೆಂಗಳೂರಲ್ಲಿ ಒಬ್ರು ಗೇರ್‌ಬಾಕ್ಸ್ ಕೆಲಸದವ್ರು ಹೇಳಿದ್ರು 3200 ಸ್ಟಾಲ್ ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕಲ್ಲಿ ಕ್ಲಚ್ ಬದಲು ಎಂಜಿನ್ನಿಂದ ಗೇರ್‌ಬಾಕ್ಸಿಗೆ ಎಣ್ಣೆ ಮೂಲಕ ಶಕ್ತಿ ದಾಟಿಸುವ ಭಾಗ) ಅಮೆರಿಕದಿಂದ ತರಿಸಿ ಹಾಕುವ, ಗಾಡಿಯೇ ಬೇರೆ ಆಗ್ತದೆ ಅಂತ. ದುಡ್ಡು, ಕಸ್ಟಮ್ಸ್, ಗೇರ್‌ಬಾಕ್ಸ್ ಇಳಿಸುವ ಕೂಲಿ ಎಲ್ಲ ಸೇರಿದ್ರೆ ದೊಡ್ಡ ಮೊತ್ತ ಆಗ್ತದೆ, ಹಾಗಾಗಿ ಮೊದಲು ನಿಮ್ಮತ್ರ ಕೇಳುವ ಅಂತ.

ನನ್ನ ಬಳಕೆ ಹೇಳಿ ಬಿಡ್ತೇನೆ. ವಾರದಲ್ಲಿ ಬದಿಯಡ್ಕ, ಕುಂಬಳೆ, ಕಾಸರಗೋಡು, ಕೆಲವೊಮ್ಮೆ ಮಂಗ್ಳೂರು. ಹೆದ್ದಾರಿ ಕೆಲಸದ ಕಡೆ ಸರ್ವಿಸ್ ರೋಡಲ್ಲಿ ತೆವಳುದು ಜಾಸ್ತಿ. ಮಡಿಕೇರಿಗೆ ಸಂಪಾಜೆ ಘಾಟಿಯಲ್ಲಿ ಹೋಗ್ತೇನೆ. ಮನೆ ಗುಡ್ಡೆ ಮೇಲೆ, ಗೇಟಿಂದ ಅಂಗಳಕ್ಕೆ ಒಳ್ಳೆ ಚಡಾವು, ಅದ್ರಲ್ಲೂ ರಿವರ್ಸಲ್ಲಿ ಹತ್ತಿಸ್ಬೇಕು. ಮುಂದಕ್ಕೆ ಡ್ರ್ಯಾಗ್ ಈವೆಂಟಿಗೆ (ನಿಂತಲ್ಲಿಂದ ನೇರ ಓಡಿಸುವ ರೇಸ್) ಹೋಗುವ ಆಸೆ ಉಂಟು, ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಕೂಡ. ಎಂಜಿನ್ ಸ್ಟಾಕೇ, ಇನ್‌ಟೇಕ್ ಮತ್ತು ಟ್ಯೂನ್ ಮಾತ್ರ. ಮುಂದೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪ್) ಹಾಕಿದ್ರೂ ಹಾಕ್ಬಹುದು. ಎಂತ ಮಾಡುದು ಹೇಳಿ.

ಹೊಸೂರ್ ಟಾರ್ಕ್

ಬಾಸ್, ಒಳ್ಳೆ ಪ್ರಶ್ನೆ. ನಾನು ಹೊಸೂರಲ್ಲಿ ಆಟೋ ಪಾರ್ಟ್ಸ್ ಕಂಪನೀಲಿ ಕೆಲಸ ಮಾಡೋದು, ಬೆಂಗಳೂರಿನ ಡ್ರ್ಯಾಗ್ ಗ್ಯಾಂಗ್ ಜೊತೆ ಓಡಾಡ್ತೀನಿ, ಅದಕ್ಕೆ ಈ ವಿಷಯ ಸ್ವಲ್ಪ ಗೊತ್ತು.

ಮೊದಲು ಆ 3200 ಅನ್ನೋ ನಂಬರ್ ನಂಬ್ಬೇಡಿ. ಸ್ಟಾಲ್ ಸ್ಪೀಡ್ ಅನ್ನೋದು ಕನ್ವರ್ಟರ್ ಒಂದರದ್ದೇ ಗುಣ ಅಲ್ಲ, ಅದರ ಹಿಂದೆ ಎಷ್ಟು ಟಾರ್ಕ್ ತಳ್ಳುತ್ತೆ ಅನ್ನೋದರ ಮೇಲೂ ಹೋಗುತ್ತೆ. ಕನ್ವರ್ಟರ್ ಒಳಗೆ ಗೇರ್‌ಬಾಕ್ಸ್ ಕಡೆಯ ಚಕ್ರ, ಅಂದ್ರೆ ಟರ್ಬೈನ್, ತಿರುಗದೆ ನಿಂತಿರುವಾಗ ಎಂಜಿನ್ ಫುಲ್ ಥ್ರಾಟಲಲ್ಲಿ ಎಷ್ಟು ಆರ್‌ಪಿಎಂವರೆಗೆ ಏರಿ ನಿಲ್ಲುತ್ತೋ ಅದು ಸ್ಟಾಲ್. ಟಾರ್ಕ್ ಜಾಸ್ತಿ ಆದ್ರೆ ಅದೇ ಕನ್ವರ್ಟರ್ ಇನ್ನೂ ಮೇಲೆ ಹೋಗಿ ನಿಲ್ಲುತ್ತೆ, ಲೆಕ್ಕ ಟಾರ್ಕಿನ ವರ್ಗಮೂಲದ ಪ್ರಕಾರ. ಈಗ ನೋಡಿ, ಸೂಪರ್‌ಚಾರ್ಜರ್ ಹಾಕಿ ಕೆಳಗೇ 700 ನ್ಯೂಟನ್ ಮೀಟರ್ ಕೊಡೋ ಎಂಜಿನ್ನಲ್ಲಿ 3200 ಬರೋ ಕನ್ವರ್ಟರು, ಆ ರೇಂಜಲ್ಲಿ 400 ಕೊಡೋ ಸ್ಟಾಕ್ ಎಂಜಿನ್ ಹಿಂದೆ ಹಾಕಿದ್ರೆ ಹತ್ತತ್ರ 2400ಕ್ಕೇ ನಿಂತು ಹೋಗುತ್ತೆ. ಅಂದ್ರೆ ದುಡ್ಡು ಸುರಿದು ಏನೂ ಬದಲಾಗಿಲ್ಲ. ತಿರುಗಿಸಿ ನೋಡಿದ್ರೂ ಕಷ್ಟ, ಈಗಿನ ಸ್ಟಾಕ್ ಎಂಜಿನ್ನಿಗೆ ಸರಿಯಾಗಿ 3200 ಮಾಡಿಸಿ, ಮುಂದೆ ಸೂಪರ್‌ಚಾರ್ಜರ್ ಹಾಕಿದಾಗ ಅದು 4000 ದಾಟುತ್ತೆ, ರೋಡಲ್ಲಿ ಓಡಿಸೋಕೇ ಬೇಜಾರು.

ಅದಕ್ಕೆ ನನ್ನ ಮೊದಲ ಮಾತು, ಸೂಪರ್‌ಚಾರ್ಜರ್ ಹಾಕ್ತೀರಾ ಇಲ್ವಾ ಅದನ್ನ ಮೊದಲು ತೀರ್ಮಾನ ಮಾಡಿ. ಕನ್ವರ್ಟರ್ ಮಾಡೋರು ನಿಮ್ಮ ಡೈನೋ ಗ್ರಾಫ್ (ಎಂಜಿನ್ ಶಕ್ತಿ ಅಳೆದ ಗ್ರಾಫ್), ಗಾಡಿ ತೂಕ, ಡಿಫರೆನ್ಷಿಯಲ್ ರೇಷಿಯೋ, ಟಯರ್ ಸೈಜ್ ಇಷ್ಟೂ ಕೇಳ್ಬೇಕು. ಏನೂ ಕೇಳದೆ 3200 ಕೊಡ್ತೀನಿ ಅಂದೋರ ಹತ್ರ ತಗೋಬೇಡಿ.

ಆದ್ರೆ ಡ್ರ್ಯಾಗಿಗೆ ಇದು ನಿಜವಾಗ್ಲೂ ಕೆಲಸ ಮಾಡುತ್ತೆ, ಅದನ್ನ ಅಲ್ಲಗಳೆಯಲ್ಲ. ಗಾಡಿ ಹೊರಡೋ ಕ್ಷಣದಲ್ಲಿ ನಡುವೆ ಇರೋ ಸ್ಟೇಟರ್ ಅನ್ನೋ ಚಕ್ರ ಎಣ್ಣೆಯನ್ನ ತಿರುಗಿಸಿ ಕಳಿಸೋದ್ರಿಂದ ಟಾರ್ಕ್ ಸುಮಾರು ಎರಡು ಪಟ್ಟು ಆಗುತ್ತೆ, ಇಂಪೆಲ್ಲರ್ (ಎಂಜಿನ್ ಕಡೆಯ ಚಕ್ರ) ಮತ್ತೆ ಟರ್ಬೈನ್ ಸ್ಪೀಡು ಹತ್ತಿರ ಬಂದ ಹಾಗೆಲ್ಲ ಅದು ಇಳಿದು ಒಂದಕ್ಕೆ ಬರುತ್ತೆ. ಎಂಜಿನ್ 2400ರ ಬದಲು 3000ದ ಮೇಲೆ ಇದ್ದಾಗ ಈ ಮಲ್ಟಿಪ್ಲಿಕೇಶನ್ ಸಿಕ್ಕಿದ್ರೆ ಲಾಂಚಲ್ಲಿ ಸಿಗೋ ತಳ್ಳು ಬೇರೇನೇ.

ಉಪ್ಪಳ ಗೇರ್‌ಬಾಕ್ಸ್

ಹೊಸೂರಿನವರು ಹೇಳಿದ ಲೆಕ್ಕ ಸರಿ ಉಂಟು. ನಾನು ಶಾರ್ಜಾದಲ್ಲಿ ಗೇರ್‌ಬಾಕ್ಸ್ ವರ್ಕ್‌ಶಾಪಲ್ಲಿ ತುಂಬ ವರ್ಷ ಕೆಲಸ ಮಾಡಿ ಈಗ ಊರಲ್ಲೇ ಇರುದು, ಅಲ್ಲಿ ಮಸ್ಟಾಂಗ್, ಕಮಾರೊ, ಚಾರ್ಜರ್ ದಿನಾ ಬರ್ತಿತ್ತು. ಹಾಗಾಗಿ ಪೆರ್ಲದ ತಮ್ಮನಿಗೆ ಸ್ವಲ್ಪ ಉದ್ದಕ್ಕೆ ಬರೀತೇನೆ, ತಾಳ್ಮೆಯಲ್ಲಿ ಓದು.

ಹೈ ಸ್ಟಾಲ್ ಅಂತ ಎಲ್ರೂ ಹೇಳುದು ಹಳೇ ಕಾಲದ ಅಮೆರಿಕನ್ ಗಾಡಿಗಳಿಂದ ಬಂದ ರೂಢಿ. ಆಗ ಟರ್ಬೊ 400 ಗೇರ್‌ಬಾಕ್ಸಿಗೆ ಮೂರೇ ಗೇರ್, ಒಂದನೇದು 2.48, ಎರಡನೇದು 1.48, ಮೂರನೇದು ನೇರ. ಅಷ್ಟು ಎತ್ತರದ (ಅಂದ್ರೆ ಟಾರ್ಕನ್ನು ಕಮ್ಮಿ ಪಟ್ಟು ಹೆಚ್ಚಿಸುವ) ಒಂದನೇ ಗೇರಲ್ಲಿ ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ಕೆಳಗೆ ಉಸಿರೇ ಬಿಡ್ಲಿಕ್ಕಿಲ್ಲ, ಅದಕ್ಕೆ ಕನ್ವರ್ಟರ್ ಸಡಿಲ, ಅಂದ್ರೆ ಹೈ ಸ್ಟಾಲಿಂದೇ, ಬೇಕೇ ಬೇಕಿತ್ತು. ನಿನ್ನ 6ಆರ್80ಯಲ್ಲಿ ಒಂದನೇ ಗೇರ್ 4.17, ಎರಡನೇದು 2.34, ಮೂರನೇದು 1.52. ಒಂದನೇ ಗೇರೇ ಅಷ್ಟು ಗಿಡ್ಡ ಇರುವಾಗ ಕನ್ವರ್ಟರ್ ಮಾಡ್ಬೇಕಾದ ಕೆಲಸದ ಒಂದು ಪಾಲು ಗೇರೇ ಮಾಡಿ ಮುಗಿಸ್ತದೆ. 6500ಕ್ಕೆ ಶಿಫ್ಟ್ ಮಾಡಿದ್ರೆ ಎರಡನೇ ಗೇರಲ್ಲಿ ಎಂಜಿನ್ 3650ರ ಹತ್ರ ಬೀಳ್ತದೆ, ಮೂರನೇದಕ್ಕೆ 4200. ಅಂದ್ರೆ ಒಮ್ಮೆ ಗಾಡಿ ಓಡ್ಲಿಕ್ಕೆ ಸುರು ಆದ ಮೇಲೆ ಎಂಜಿನ್ 3200ಕ್ಕಿಂತ ಕೆಳಗೆ ಬರುವ ಪ್ರಶ್ನೆಯೇ ಇಲ್ಲ. ಲಾಭ ಉಂಟಾದ್ರೆ ಮೊದಲ ಕೆಲವು ಮೀಟರಲ್ಲಿ ಮಾತ್ರ.

ಆ ಕೆಲವು ಮೀಟರಲ್ಲಿ ನಿನ್ನ ಟಯರ್ ಹಿಡೀತದಾ? ಅದನ್ನು ಮೊದಲು ಹೇಳು. ಟ್ರ್ಯಾಕ್ಷನ್ ಕಂಟ್ರೋಲ್ (ಟಯರ್ ಜಾರಿದ್ರೆ ಪವರ್ ಕಡಿಯುವ ವ್ಯವಸ್ಥೆ) ಆಫ್ ಮಾಡಿ ಫುಲ್ ಕೊಟ್ರೆ ಈಗಲೇ ಟಯರ್ ತಿರುಗುದಾದ್ರೆ ಕನ್ವರ್ಟರ್ ಹಾಕಿದ್ರೆ ಹೊಗೆ ಜಾಸ್ತಿ ಬರ್ತದೆ ಅಷ್ಟೇ, ಟೈಮಿಂಗ್ ಕಮ್ಮಿ ಆಗುದಿಲ್ಲ.

ಇನ್ನೊಂದು, ಬಿಸಿ. ಇದು ನಮ್ಮ ಕಡೆಯ ರೋಡಿಗೆ ಎಲ್ಲಕ್ಕಿಂತ ಮುಖ್ಯ. ಲಾಕಪ್ ಕ್ಲಚ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಕಚ್ಚಿಸುವ ಕ್ಲಚ್) ಹಿಡಿಯದೆ ಇರುವಾಗ ಕನ್ವರ್ಟರಲ್ಲಿ ಸ್ಲಿಪ್ ಆದಷ್ಟೂ ಶಕ್ತಿ ಎಣ್ಣೆ ಕಡೆದು ಬಿಸಿ ಆಗಿ ಹೋಗುದು, ಬೇರೆ ಎಲ್ಲಿಗೂ ಹೋಗುದಿಲ್ಲ. ಟರ್ಬೈನ್ ಎಂಜಿನ್ನಿನ ಅರ್ಧ ಸ್ಪೀಡಲ್ಲಿ ಇದ್ದು ಟಾರ್ಕ್ ಒಂದೂವರೆ ಪಟ್ಟು ಆಗ್ತಾ ಉಂಟು ಅಂತ ಇಟ್ಕೊ, ಆಗ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಮುಕ್ಕಾಲು ಪಾಲು ಮಾತ್ರ ಗೇರಿಗೆ, ಕಾಲು ಪಾಲು ಎಣ್ಣೆಗೆ. ಸರ್ವಿಸ್ ರೋಡಲ್ಲಿ ಲಾರಿ ಹಿಂದೆ ತೆವಳುವಾಗ, ಎಪ್ರಿಲ್ ಮೇ ಸೆಕೆಯಲ್ಲಿ, ಎಸಿ ಹಾಕಿ, ಆ ಕಾಲು ಪಾಲು ಇಡೀ ದಿನ ಎಣ್ಣೆಗೆ ಹೋಗ್ತಾ ಇರ್ತದೆ. ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, 80ರಿಂದ 95 ಡಿಗ್ರಿ ಒಳಗೆ ಇದ್ರೆ ಸಂತೋಷ. 120 ದಾಟಿದ್ರೆ ವಾರ್ನಿಶ್ ಕಟ್ಲಿಕ್ಕೆ, ಸೀಲ್ ಗಟ್ಟಿ ಆಗ್ಲಿಕ್ಕೆ ಸುರು ಆಗ್ತದೆ. ಹತ್ತು ಡಿಗ್ರಿ ಏರಿದ್ರೆ ಎಣ್ಣೆಯ ಆಯುಷ್ಯ ಅರ್ಧ ಅಂತ ನಮ್ಮ ಕೆಲಸದವರ ಅಂದಾಜು, ಅದು ಸುಳ್ಳಲ್ಲ.

ನಿನ್ನ ಮನೆಯ ಚಡಾವು ಓದಿ ನನಗೆ ಅದೇ ಚಿಂತೆ ಆದದ್ದು. ಸಡಿಲ ಕನ್ವರ್ಟರಲ್ಲಿ ರಿವರ್ಸ್ ಹತ್ತಿಸುವಾಗ ಈಗ 1200ಕ್ಕೆ ಹತ್ತುವ ಗಾಡಿ 2000 ಕೇಳ್ತದೆ, ಪೆಡಲ್ ಒತ್ತಿದ್ರೆ ಎಂಜಿನ್ ಕೂಗ್ತದೆ, ಗಾಡಿ ನಿಧಾನ ಕದಲ್ತದೆ, ಮತ್ತೆ ಇದ್ದಕ್ಕಿದ್ದ ಹಾಗೆ ಹಿಡಿದು ಹಾರ್ತದೆ. ಅಂಗಳದಲ್ಲಿ ಮಕ್ಕಳು ಆಡುವ ಮನೆ ಆದ್ರೆ ಇದನ್ನು ಹಗುರ ಮಾಡ್ಬೇಡ.

ಸಂಪಾಜೆ ಇಳಿಯುದು ಕೂಡ ಹಾಗೆ. ಲಾಕಪ್ ಬಿಟ್ಟಿರುವಾಗ ಸಡಿಲ ಕನ್ವರ್ಟರಲ್ಲಿ ಎಂಜಿನ್ ಬ್ರೇಕಿಂಗ್ ಕಮ್ಮಿ, ಗಾಡಿ ತೇಲಿದ ಹಾಗೆ ಹೋಗ್ತದೆ, ಬ್ರೇಕಿಗೆ ಭಾರ ಬೀಳ್ತದೆ. ಮಳೆಗಾಲದಲ್ಲಿ ಆ ತಿರುವುಗಳಲ್ಲಿ ಒಳ್ಳೇದಲ್ಲ. ಟ್ಯೂನಲ್ಲಿ ಇಳಿಜಾರಿಗೆ ಲಾಕಪ್ ಹಿಡಿಸಿ ಇಡ್ಲಿಕ್ಕೆ ಆಗ್ತದೆ, ಆದ್ರೆ ಅದು ಗೊತ್ತಿದ್ದವನೇ ಮಾಡ್ಬೇಕು.

ನೀನು ಮಾಡ್ಬೇಕಾದ ಮೊದಲ ಕೆಲಸ ಒಂದು ಲಾಗ್ ತೆಗೆಯುದು. ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಅಡಾಪ್ಟರಲ್ಲಿ ಎಂಜಿನ್ ಆರ್‌ಪಿಎಂ, ಟರ್ಬೈನ್ ಶಾಫ್ಟ್ ಸ್ಪೀಡ್, ಎಟಿಎಫ್ ಟೆಂಪರೇಚರ್ ಈ ಮೂರು. ಬ್ರೇಕ್ ಒತ್ತಿ ಪೆಡಲ್ ಕೊಡುವ ಹಳೇ ಸ್ಟಾಲ್ ಟೆಸ್ಟ್ ಮಾಡ್ಬೇಡ, ಈಗಿನ ಗಾಡಿಯಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದ್ರೆ ಕಂಪ್ಯೂಟರ್ ಟಾರ್ಕ್ ಕಡಿತದೆ, ಕಡಿಯದೆ ಬಿಟ್ರೂ ಎಂಜಿನ್ನಿನ ಪೂರ್ತಿ ಶಕ್ತಿ ಎಣ್ಣೆಗೇ ಹೋಗಿ ಐದು ಸೆಕೆಂಡಲ್ಲಿ ಹಾಳು ಮಾಡ್ತದೆ. ಮೆಲ್ಲ ತೆವಳುವಾಗ ಒಮ್ಮೆಗೇ ಪೂರ್ತಿ ಒತ್ತು, ಆರ್‌ಪಿಎಂ ಹಾರಿ ಎಲ್ಲಿ ಬಗ್ಗುತ್ತದೆ ಅದು ನಿನ್ನ ಫ್ಲಾಶ್ ಸ್ಟಾಲ್. ಹೆದ್ದಾರಿಯಲ್ಲಿ ಮಾಡ್ಬೇಡ ಮಾರಾಯ, ಹೊಸ ಆರು ಪಥ ಖಾಲಿ ಕಂಡ್ರೂ ಸರ್ವಿಸ್ ರೋಡಿಂದ ಸ್ಕೂಟರ್ ಯಾವಾಗ ನುಗ್ತದೆ ಹೇಳ್ಲಿಕ್ಕಾಗುದಿಲ್ಲ.

ಬೇಕಲ ಡ್ರೈವ್

ಕನ್ವರ್ಟರ್ ಬಗ್ಗೆ ಇಬ್ರೂ ಹೇಳಿದ್ದಾರೆ, ನಾನು ಕಾಗದದ ವಿಷಯ ಹೇಳ್ತೇನೆ. ನಮ್ಮ ಕೇರಳದಲ್ಲಿ ಎಂವಿಡಿ (ಮೋಟಾರು ವಾಹನ ಇಲಾಖೆ) ಮಾಡಿಫಿಕೇಶನ್ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಗೊತ್ತುಂಟಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಮತ್ತೆ 2019 ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು ಕೂಡ ಕೇರಳದ್ದೇ ಕೇಸಲ್ಲಿ, ಕಂಪನಿಯ ಮೂಲ ಸ್ಪೆಸಿಫಿಕೇಶನ್ನಿಗೆ ವಿರುದ್ಧ ಬದಲಾವಣೆ ಆಗ್ಬಾರ್ದು ಅಂತ. ಕಾಯ್ದೆಗೆ ಮತ್ತೆ ಸೇರಿಸಿದ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ ಓನರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಕನ್ವರ್ಟರ್ ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಕವಚ) ಒಳಗೆ ಇರುದು, ಹೊರಗೆ ಕಾಣುದಿಲ್ಲ ಅಂತ ಮಾಡ್ಲಿಕ್ಕೆ ಹೊರಡ್ಬೇಡಿ, ಏನು ಮಾಡುದಾದ್ರೂ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸಿನವರಿಗೆ ಬರವಣಿಗೆಯಲ್ಲಿ ತಿಳಿಸಿ ಮಾಡಿ. ಅಷ್ಟು ಬೆಲೆಯ ಗಾಡಿಗೆ ನಾಳೆ ಏನಾದ್ರೂ ಆಗಿ ಕ್ಲೇಮ್ ತಿರಸ್ಕಾರ ಆದ್ರೆ ಕನ್ವರ್ಟರಿನ ಖುಷಿ ಅಲ್ಲಿಗೇ ಮುಗೀತು.

ಮತ್ತೆ ಕರಿ ಟ್ರ್ಯಾಕಿಗೆ ಹೋಗ್ಲಿಕ್ಕೆ ಹೈ ಸ್ಟಾಲ್ ಬೇಡವೇ ಬೇಡ. 2.1 ಕಿಲೋಮೀಟರಿನ ಸರ್ಕ್ಯೂಟ್ ಅದು, ಅಲ್ಲಿ ಆರ್‌ಪಿಎಂ ಕೆಳಗೆ ಬರುದೇ ಕಮ್ಮಿ, ಸಡಿಲ ಕನ್ವರ್ಟರಲ್ಲಿ ಕಾರ್ನರಿಂದ ಹೊರಗೆ ಬರುವಾಗ ಪೆಡಲ್ ಒತ್ತಿದಷ್ಟು ಸರಿಯಾಗಿ ಹಿಂದಿನ ಚಕ್ರಕ್ಕೆ ಸಿಗುದಿಲ್ಲ, ಮೇಲಿಂದ ಬಿಸಿ.

ಪೆರ್ಲದ ವಿ8

ತುಂಬ ಉಪಕಾರ ಆಯ್ತು ಎಲ್ಲರಿಂದ. ಉಪ್ಪಳದ ಅಣ್ಣ ಹೇಳಿದ ಹಾಗೆ ಲಾಗ್ ತೆಗೆದೆ. ಸೀತಾಂಗೋಳಿಯ ಕಿನ್‌ಫ್ರಾ ಪಾರ್ಕಲ್ಲಿ ದೋಸ್ತಿಯ ಯೂನಿಟ್ ಉಂಟು, ಆದಿತ್ಯವಾರ ಗೇಟ್ ಹಾಕಿ ಒಳಗಿನ ಕಾಂಕ್ರೀಟ್ ಜಾಗದಲ್ಲಿ ಮಾಡಿದ್ದು.

ಫ್ಲಾಶ್ ಸ್ಟಾಲ್ 2400ರ ಆಸುಪಾಸು ಬರ್ತದೆ. ಟ್ರ್ಯಾಕ್ಷನ್ ಆನ್ ಇದ್ರೆ ಅಲ್ಲಿಂದ ಮೇಲೆ ಕಂಪ್ಯೂಟರ್ ಪವರ್ ಕಡಿತಾ ಉಂಟು, ಲಾಗಲ್ಲಿ ಥ್ರಾಟಲ್ ಮುಚ್ಚುದು ಸ್ಪಷ್ಟ ಕಾಣ್ತದೆ, ನಾನು ಪೆಡಲ್ ಪೂರ್ತಿ ಒತ್ತಿಯೇ ಇದ್ದೇನೆ. ಆಫ್ ಮಾಡಿದ್ರೆ ಹಿಂದಿನ ಟಯರ್ ತಿರುಗ್ತದೆ, ಟಯರ್ ಹಳೇದು, ಡೇಟ್ ನೋಡಿದ್ರೆ ಗಾಡಿ ಜೊತೆ ಬಂದದ್ದೇ ಅನಿಸ್ತದೆ. ಅಂದ್ರೆ ನನಗೆ ಮಂದ ಅನಿಸಿದ್ದು ಕನ್ವರ್ಟರಿಂದ ಅಲ್ಲ, ಟ್ರ್ಯಾಕ್ಷನ್ ಕಡಿದದ್ದಾ?

ಎಟಿಎಫ್ ಹೆದ್ದಾರಿಯಲ್ಲಿ 88, ಕುಂಬಳೆಯಿಂದ ಮೊಗ್ರಾಲ್‌ವರೆಗೆ ಟ್ರಾಫಿಕಲ್ಲಿ ತೆವಳಿದಾಗ 104ಕ್ಕೆ ಹೋಗಿತ್ತು. ಮನೆ ಚಡಾವಲ್ಲಿ ರಿವರ್ಸ್ ಹತ್ತಿಸಿದಾಗ ಇನ್ನೂ ಸ್ವಲ್ಪ ಏರಿತು. ಇದು ಸ್ಟಾಕ್ ಕನ್ವರ್ಟರಲ್ಲಿ.

ಹೊಸೂರ್ ಟಾರ್ಕ್

ಹೌದು ಬಾಸ್, ಥ್ರಾಟಲ್ ಮುಚ್ಚೋದು ಕಾಣ್ತಿದ್ರೆ ಅದೇ. ಈಗಿನ 2400ರಲ್ಲೇ ಟಯರ್ ಸೋಲ್ತಿದೆ, ಕನ್ವರ್ಟರ್ ಹಾಕಿದ್ರೆ ಟ್ರ್ಯಾಕ್ಷನ್ ಇನ್ನೂ ಬೇಗ ಕಡಿಯುತ್ತೆ. ಟಯರ್ ಬದಲಾಯಿಸಿ ಮತ್ತೆ ಲಾಗ್ ತೆಗೀರಿ, ಆಗ ನಿಜ ಗೊತ್ತಾಗುತ್ತೆ.

ಆದ್ರೂ ನಾನು ಪೂರ್ತಿ ಕೈ ಬಿಡಿ ಅನ್ನಲ್ಲ. ಡ್ರ್ಯಾಗ್ ಆಸೆ ಇದ್ದು, ಒಳ್ಳೆ ಟಯರ್ ಹಾಕಿ ಹಿಡಿತ ಸಿಕ್ಕ ಮೇಲೂ ಕೆಳಗೆ ಖಾಲಿ ಅನಿಸಿದ್ರೆ 2800 ಆಸುಪಾಸು ಫ್ಲಾಶ್ ಆಗೋ ಮಧ್ಯಮ ಕನ್ವರ್ಟರ್ ಚೆನ್ನಾಗಿರುತ್ತೆ, ಲಾಕಪ್ ಇರೋದೇ ತಗೋಬೇಕು. ಲಾಕಪ್ ಹಿಡಿದ ಮೇಲೆ ಹೆದ್ದಾರೀಲಿ ಮೈಲೇಜು, ಬಿಸಿ ಎರಡೂ ಸ್ಟಾಕ್ ಥರಾನೇ. ಸೂಪರ್‌ಚಾರ್ಜರ್ ಹಾಕ್ತೀರಾದ್ರೆ ಮಾತ್ರ ಅದು ಹಾಕಿ ಟ್ಯೂನ್ ಆದ ಮೇಲೆ ಕನ್ವರ್ಟರ್. ಅದು ಕೆಳಗಿಂದಲೇ ಟಾರ್ಕ್ ಕೊಡುತ್ತೆ, ಎಷ್ಟೋ ಜನಕ್ಕೆ ಆಮೇಲೆ ಹೈ ಸ್ಟಾಲ್ ಬೇಕು ಅಂತಾನೇ ಅನ್ಸಲ್ಲ. ಟರ್ಬೊ ಆದ್ರೆ ಕಥೆ ಉಲ್ಟಾ, ಬೂಸ್ಟ್ ಏರೋಕೆ ಆರ್‌ಪಿಎಂ ಬೇಕು, ಅಲ್ಲಿ ಹೈ ಸ್ಟಾಲ್ ತುಂಬ ಉಪಯೋಗ.

ಉಪ್ಪಳ ಗೇರ್‌ಬಾಕ್ಸ್

ತಮ್ಮ, ಲಾಗ್ ಚೆಂದ ತೆಗ್ದಿದ್ದಿ. 104 ಅಂದ್ರೆ ಗಾಬರಿ ಬೇಡ, ಆದ್ರೆ ಸಡಿಲ ಕನ್ವರ್ಟರಿನ ಹೆಚ್ಚಿನ ಬಿಸಿಗೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಕನ್ವರ್ಟರ್ ಹಾಕಿದ್ರೂ ಬಿಟ್ರೂ, ಕೂಲರ್ ಮೊದಲು ಹಾಕು. ಪ್ಲೇಟ್ ಟೈಪಿನ ಕೂಲರ್, ಕಂಪನಿಯ ಕೂಲರ್ ತೆಗೀಬೇಡ, ಅದರಿಂದ ಹೊರಗೆ ಬಂದ ಎಣ್ಣೆ ಹೊಸದಕ್ಕೆ ಹೋಗಿ ಗೇರ್‌ಬಾಕ್ಸಿಗೆ ವಾಪಸ್ ಬರುವ ಹಾಗೆ ಸೀರೀಸಲ್ಲಿ ಹಾಕು. ಮುಂದೆ ಗಾಳಿ ಸಿಗುವಲ್ಲಿ ಇಡು, ಆದ್ರೆ ಬಂಪರಿನ ಕೆಳಗಿನ ಬಾಯಲ್ಲಿ ಬೇಡ, ನಮ್ಮ ಕಡೆಯ ಕೆಂಪು ಮಣ್ಣು ಮಳೆಗಾಲದಲ್ಲಿ ಫಿನ್ ಒಳಗೆ ತುಂಬಿ ಒಣಗಿದ್ರೆ ಸಿಮೆಂಟ್ ಹಾಗೆ ಆಗ್ತದೆ. ಎಣ್ಣೆ ಮರ್ಕಾನ್ ಎಲ್‌ವಿ ಬಿಟ್ಟು ಬೇರೆ ಎಂತದೂ ಹಾಕ್ಬೇಡ, ಎಲ್ಲದಕ್ಕೂ ಆಗ್ತದೆ ಅಂತ ಮಾರುವ ಎಟಿಎಫ್ ಬೇಡ.

ಮುಂದೆ ಯಾವಾಗಾದ್ರೂ ಕನ್ವರ್ಟರ್ ಹಾಕಿಸುದಾದ್ರೆ ಗೇರ್‌ಬಾಕ್ಸ್ ಕೂರಿಸುವಾಗ ನೀನು ಹತ್ರ ನಿಂತು ನೋಡು. ಹೊಸ ಕನ್ವರ್ಟರ್ ಒಳಗೆ ಸುಮಾರು ಒಂದು ಲೀಟರ್ ಎಣ್ಣೆ ಮೊದಲೇ ಹೊಯ್ಯಬೇಕು, ಒಣಗಿದ್ದನ್ನು ಹಾಕಿ ಸ್ಟಾರ್ಟ್ ಮಾಡಿದ್ರೆ ಪಂಪಿಗೆ ಪೆಟ್ಟು. ಮತ್ತೆ ಗೇರ್‌ಬಾಕ್ಸ್ ಕೆಳಗೆ ಇರುವಾಗಲೇ ಕನ್ವರ್ಟರನ್ನು ಕೈಯಲ್ಲಿ ತಿರುಗಿಸ್ತಾ ಒಳಗೆ ತಳ್ಳಬೇಕು, ಅದು ಟಕ್ ಅಂತ ಒಂದೊಂದೇ ಹಂತ ಒಳಗೆ ಇಳೀತದೆ, ಟರ್ಬೈನ್ ಸ್ಪ್ಲೈನ್, ಸ್ಟೇಟರ್ ಸ್ಪ್ಲೈನ್, ಕೊನೆಗೆ ಪಂಪ್. ಆ ಕೊನೇದು ಇಳೀದೆ ಬಾಕಿ ಆದದ್ದು ಹೊರಗಿಂದ ನೋಡಿದ್ರೆ ಗೊತ್ತಾಗುದಿಲ್ಲ, ಹಾಗೆ ಎಂಜಿನ್ನಿಗೆ ಜೋಡಿಸಿ ಬೆಲ್ ಹೌಸಿಂಗ್ ಬೋಲ್ಟ್ ಬಿಗಿಯುವಾಗ ಗ್ಯಾಪ್ ಬೋಲ್ಟ್ ಎಳೆದು ಮುಚ್ತದೆ, ಪಂಪ್ ಅಲ್ಲೇ ಒಡೀತದೆ, ಹೊಸ ಎಣ್ಣೆ ಹೊಯ್ದು ಸ್ಟಾರ್ಟ್ ಮಾಡಿದಾಗಲೇ ಗೊತ್ತಾಗುದು. ಬೋಲ್ಟ್ ಹಾಕುವ ಮೊದಲು ಗೇರ್‌ಬಾಕ್ಸ್ ಕೈಯಲ್ಲೇ ಎಂಜಿನ್ನಿಗೆ ಪೂರ್ತಿ ಕೂರಬೇಕು, ಕನ್ವರ್ಟರಿಗೂ ಎಂಜಿನ್ ಕಡೆಯ ಫ್ಲೆಕ್ಸ್ ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಖಾಲಿ ಕಾಣಬೇಕು, ಕನ್ವರ್ಟರ್ ಕೈಯಲ್ಲಿ ತಿರುಗಬೇಕು. ತಿರುಗದಿದ್ರೆ ಇಳಿಸು, ಎಷ್ಟೇ ಹೊತ್ತಾದ್ರೂ ಸರಿ.

ಟ್ಯೂನ್ ಬಿಟ್ಟು ಕನ್ವರ್ಟರ್ ಮಾತ್ರ ಹಾಕುವವರೂ ಇದ್ದಾರೆ. ಕಂಪ್ಯೂಟರಿಗೆ ಹಳೇ ಕನ್ವರ್ಟರಿನ ಸ್ಲಿಪ್ ಲೆಕ್ಕವೇ ನೆನಪಿರುದು, ಹೊಸದರ ಸ್ಲಿಪ್ ನೋಡಿ ಲಾಕಪ್ ಹಿಡೀತಾ ಇಲ್ಲ ಅಂತ ಪಿ0741 ಕೋಡ್ ಹಾಕಿ ಲೈಟ್ ಉರಿಸ್ತದೆ, ಶಿಫ್ಟ್ ಗಟ್ಟಿ ಆಗ್ತದೆ. ಲಾಕಪ್ ಯಾವ ಸ್ಪೀಡಿಗೆ, ಎಷ್ಟು ಪ್ರೆಶರಲ್ಲಿ, ಶಿಫ್ಟ್ ಎಲ್ಲಿಗೆ ಅಂತ ಎಲ್ಲ ಹೊಸತಾಗಿ ಬರೀಬೇಕು. ಅದು ಬೆಂಗಳೂರಲ್ಲಿ ಮಾಡುವವರು ಇದ್ದಾರೆ, ಕನ್ವರ್ಟರ್ ಆರ್ಡರ್ ಮಾಡುವ ಮೊದಲು ಅವರತ್ರ ಮಾತಾಡು.

ಪೆರ್ಲದ ವಿ8

ಸರಿ ಅಣ್ಣ. ಹಿಂದಿನ ಎರಡು ಟಯರ್ ಮಂಗ್ಳೂರಲ್ಲಿ ಹೇಳಿ ಇಟ್ಟೆ, ಕೂಲರಿಗೆ ಜಾಗ ನೋಡ್ಲಿಕ್ಕೆ ಬಂಪರ್ ಬಿಚ್ಚುವಾಗ ಫೋಟೊ ಹಾಕ್ತೇನೆ, ಕಂಡೆನ್ಸರ್ ಮುಂದೆ ಬಲಗಡೆ ಜಾಗ ಉಂಟು ಅನಿಸ್ತದೆ. ಬೆಂಗಳೂರಿನವರಿಗೆ ಕನ್ವರ್ಟರ್ ಈಗ ಬೇಡ ಅಂತ ಹೇಳಿದೆ. ಹೊಸೂರಿನವರೆ, ಟಯರ್ ಬಂದ ಮೇಲೆ ತೆಗೆದ ಲಾಗ್ ಇಲ್ಲೇ ಹಾಕ್ತೇನೆ, ಒಮ್ಮೆ ನೋಡಿ ಹೇಳ್ಬೇಕು.

ಹೊಸೂರ್ ಟಾರ್ಕ್

ಖಂಡಿತ ಹಾಕಿ. ಟಯರ್ ಪ್ರೆಶರ್, ಆವತ್ತಿನ ಟೆಂಪರೇಚರ್ ಎರಡನ್ನೂ ಲಾಗ್ ಜೊತೆ ಬರೀರಿ, ಇಲ್ಲಾಂದ್ರೆ ಹಳೇದರ ಜೊತೆ ಹೋಲಿಸೋಕಾಗಲ್ಲ.